ಬಾಲಕಿಯರ ವಾಲಿಬಾಲ್ ಆಯ್ಕೆಪಟ್ಟಿಯಿಂದ ನನ್ನ ಹೆಸರನ್ನು ತೆಗೆದುಹಾಕುವ ಕುರಿತು

ಇಂದ:
ಪೈಲಿ ಔಸೇಪ್, ವಯಸ್ಸು ಎಪ್ಪತ್ತೊಂದು,
ರಬ್ಬರ್ ಬೆಳೆಗಾರ, ಚರ್ಚಿನ ಹಿಂಭಾಗ,
ಪೂವತ್ತಿನ್‌ಕುನ್ನು, ಕಣ್ಣೂರು ಜಿಲ್ಲೆ

ಗೆ:
ಮಾನ್ಯ ಅಧ್ಯಕ್ಷರು, ಆಯ್ಕೆ ಸಮಿತಿ,
ಗುಡ್ಡಗಾಡು ಬಾಲಕಿಯರ ಕ್ರೀಡಾ ವಸತಿನಿಲಯ

ವಿಷಯ: ಹದಿನಾರರೊಳಗಿನ ಬಾಲಕಿಯರ ತಂಡಕ್ಕೆ ನಾನು ಪ್ರಥಮ ಸ್ಥಾನದಲ್ಲಿ ಆಯ್ಕೆಯಾಗಿರುವುದನ್ನು ರದ್ದುಪಡಿಸಿ, ಮೊಮ್ಮಗಳು ಲಿಡಿಯಾಳನ್ನು ಮರುಪರೀಕ್ಷಿಸುವ ಬಗ್ಗೆ.

ಉಲ್ಲೇಖ: ಎರಡು ಹೊದಿಕೆ, ಒಂದು ಬಕೆಟ್ ಸಮೇತ ಮುಂದಿನ ತಿಂಗಳು ವಸತಿನಿಲಯಕ್ಕೆ ಹಾಜರಾಗುವಂತೆ ನನಗೆ ಬಂದ ತಮ್ಮ ಆದೇಶ.

ಮಾನ್ಯರೇ,

ದೇವರ ದಯೆಯಿಂದ ತಾವು ಕ್ಷೇಮವೆಂದು ನಂಬಿ, ಕೆಳಕಂಡ ಸಂಗತಿಗಳನ್ನು ಅರಿಕೆ ಮಾಡಿಕೊಳ್ಳುತ್ತೇನೆ.

೧. ನನ್ನ ಹೆಂಡತಿ ಏಲಿಕುಟ್ಟಿ ಕಳೆದ ತಿಂಗಳು ಕರ್ತನಲ್ಲಿ ನಿದ್ರಿಸಿದಳು. ಚರ್ಚಿನ ಮೈದಾನದಲ್ಲಿ ನಡೆದ ಒಂದು ವಾಲಿಬಾಲ್ ಪಂದ್ಯವನ್ನೂ ಅವಳು ತಪ್ಪಿಸಿದವಳಲ್ಲ. ಆಸ್ಪತ್ರೆಯಲ್ಲಿ ನನ್ನೊಡನೆ ಆಡಿದ ಕೊನೆಯ ಮಾತು ಇದು: "ಕೂಸನ್ನ ಸೆಲೆಕ್ಷನ್‌ಗೆ ನೀವೇ ಕರ್ಕೊಂಡ್ಹೋಗ್ಬೇಕು. ಅಲ್ಲಿ ಹೋಗಿ ಬಾಯಿ ಮಾತ್ರ ತೆರೀಬೇಡಿ." ಮೊದಲನೆಯದನ್ನು ಪಾಲಿಸಿದೆ.

೨. ಪರೀಕ್ಷೆ ನಮ್ಮ ಚರ್ಚಿನ ಶಾಲೆಯ ಗೋಡೆಯ ಬಳಿ ನಡೆಯಿತು. ಬೆರಳಿಗೆ ಸೀಮೆಸುಣ್ಣ ಹಚ್ಚಿ, ನಿಂತಲ್ಲೇ ಕೈಯೆತ್ತಿ ಗೋಡೆಗೆ ಒಂದು ಗುರುತು. ಹಾರಿ ಇನ್ನೊಂದು ಗುರುತು. ನಡುವಿನ ಅಂತರವೇ ಆಟಗಾರ್ತಿಯ ಯೋಗ್ಯತೆ ಎಂದು ತಮ್ಮ ಪರೀಕ್ಷಕರಾದ ಶ್ರೀ ಸುಗುಣನ್ ತಿಳಿಸಿದರು. ಮೂರು ಅವಕಾಶ, ಮೂರು ಸೀಟಿ.

೩. ಲಿಡಿಯಾಳ ಸರದಿಗೆ ಮೊದಲ ಸೀಟಿಯೂ ಮಧ್ಯಾಹ್ನ ಹನ್ನೆರಡರ ಚರ್ಚಿನ ಗಂಟೆಯೂ ಕೂಡಿಯೇ ಮೊಳಗಿದವು. ಈ ಗಂಟೆ ಕೇಳಿದರೆ ನಮ್ಮ ಊರಿನಲ್ಲಿ ಮರವೇರಿದವನೂ ಅಲ್ಲೇ ನಿಂತು ಶಿಲುಬೆಯ ಗುರುತು ಹಾಕಿಕೊಳ್ಳುತ್ತಾನೆ. ಹುಡುಗಿ ಅಷ್ಟರಲ್ಲಿ ಹಾರಿಯಾಗಿತ್ತು. ಆದಕಾರಣ, ಸುಣ್ಣ ಗೋಡೆಗೆ ತಗಲದೆ ಅವಳ ಹಣೆ, ಎದೆ ಮತ್ತು ಎರಡೂ ಹೆಗಲಿಗೆ ತಗಲಿತು. ಇಳಿದವಳೇ ಕಣ್ಣುಮುಚ್ಚಿ ಪ್ರಾರ್ಥನೆಗೆ ನಿಂತಳು. ಉಳಿದ ಹುಡುಗಿಯರೂ ನಿಂತರು. ಆದರೆ ಸರದಿ ಅವರದಾಗಿರಲಿಲ್ಲ.

"ಏ ಹುಡುಗಿ, ಹಾರು!" ಎಂದು ಸುಗುಣನ್ ಎರಡನೇ ಸೀಟಿ ಊದಿದರು.

"ಹಾರ್ತಾಳೆ ಸಾರೇ, ಇನ್ನೆರಡು ನಮೋ ಮರಿಯ ಜಪ ಬಾಕಿ ಇದೆ" ಎಂದೆ ನಾನು.

"ಅಪ್ಪಚ್ಚಾ, ನಮ್ಮ ಪಟ್ಟೀಲಿ ಅದಕ್ಕೆ ಕಾಲಮ್ ಇಲ್ಲ" ಎಂದು, ಮೊಮ್ಮಗಳಂತೆಯೇ ನನ್ನನ್ನು ಅಜ್ಜನೆಂದು ಕರೆದು, ಮೂರನೆಯದನ್ನೂ ಊದಿದರು.

ಆದ್ದರಿಂದ ಫಲಿತಾಂಶ: ಸೊನ್ನೆ.

೪. ನೆಲದಿಂದ ಅಷ್ಟೆತ್ತರ ಹಾರಿದ್ದನ್ನು ಊರೇ ಕಂಡಿರುವಾಗ ಸೊನ್ನೆ ಹೇಗೆ ಎಂದು ಕೇಳಿದೆ. "ಗೋಡೆ ಸುಳ್ಳು ಹೇಳಲ್ಲ ಅಪ್ಪಚ್ಚಾ. ಹಾರಿದ್ದು ಹದಿನಾರರವರಾಗ್ಲಿ ನೂರರವರಾಗ್ಲಿ, ಲೆಕ್ಕ ಲೆಕ್ಕಾನೇ" ಎಂದರು. ಹಾಗಾದರೆ ನನ್ನನ್ನೂ ಅಳೆಯಿರಿ ಎಂದು ಚಪ್ಪಲಿ ಬಿಟ್ಟೆ.

ಲಿಡಿಯಾ ನನ್ನ ಅಂಗಿ ಹಿಡಿದೆಳೆದಳು. "ಬೇಡ ಅಪ್ಪಚ್ಚಾ, ಅಮ್ಮಚ್ಚಿ ಏನು ಹೇಳಿದ್ರು?"

ನೆರೆಮನೆಯ ತಂಗಚ್ಚನ್ ಕೂಗಿದ: "ಪೈಲಿಚ್ಚೇಟಾ, ಬೀಳೋದಾದ್ರೆ ಆಚೆ ಬೀಳಿ. ಈಚೆ ಚಹಾ ಇಟ್ಟಿದೀವಿ!"

೫. ಏಲಿಕುಟ್ಟಿಯ ಶವಪೆಟ್ಟಿಗೆಗೆ ಹೆಗಲು ಕೊಟ್ಟ ದಿನದಿಂದ ನನ್ನ ಬಲಗೈ ಕಿವಿಗಿಂತ ಮೇಲೆ ಏಳುತ್ತಿರಲಿಲ್ಲವೆಂಬುದನ್ನು ಸಮಿತಿ ದಯವಿಟ್ಟು ಗಮನಿಸಬೇಕು. ಆದಕಾರಣ, ನಿಂತು ಹಾಕಿದ ಗುರುತು ಕಿವಿಯ ಮಟ್ಟದಲ್ಲಿಯೇ ಬಿತ್ತು. ಹಾರುವಾಗ ಕಾಲು ಜಾರಿ "ನನ್ನ ತಾಯೇ" ಎಂದು ಕೂಗಿದೆ. ಹೆಗಲಿನಲ್ಲಿ ಲಟಕ್ಕೆಂದು ಸದ್ದಾಗಿ ಕೈ ತಾನಾಗಿ ಮೇಲಕ್ಕೆ ಹೋಯಿತು. ಅಂತರ ಅರವತ್ತೈದು ಸೆಂಟಿಮೀಟರ್. ಎರಡನೇ ಸಲ, ಕೈ ಸರಿಯಾದ ಮೇಲೆ, ಅದೇ ಗೋಡೆಯ ಬಳಿ ನಿಂತ ಗುರುತನ್ನೂ ಹೊಸದಾಗಿ ಹಾಕಿ ಹಾರಿದೆ. ಆರು ಸೆಂಟಿಮೀಟರ್ ಬಂತು.

"ಅತ್ಯುತ್ತಮವಾದದ್ದನ್ನ ಬರ್ಕೊಳ್ಳೋದು ನಿಯಮ" ಎಂದು ಸುಗುಣನ್ ಅರವತ್ತೈದನ್ನೇ ಬರೆದುಕೊಂಡರು. ಅವರ ಕೈಯಲ್ಲಿದ್ದದ್ದು ಬಾಲಕಿಯರ ಪಟ್ಟಿ.

೬. ಹೆಗಲು ಗುಣವಾದದ್ದಕ್ಕೆ ಸಮಿತಿಗೆ ಋಣಿಯಾಗಿದ್ದೇನೆ. ವೈದ್ಯರು ತೈಲ ತಿಕ್ಕಿಸಿ ಸೋತಿದ್ದರು. ಆದರೆ ಒಂದೇ ಗೋಡೆ, ಒಂದೇ ಮುದುಕನನ್ನು ಒಂದು ಲೋಟ ಚಹಾ ಆರುವುದರೊಳಗೆ ಒಮ್ಮೆ ಚಿಗರೆಯೆಂದೂ ಒಮ್ಮೆ ಆಮೆಯೆಂದೂ ಹೇಳುವುದಾದರೆ, ಅದರ ಮಾತಿನ ಮೇಲೆ ಒಂದು ಮಗುವಿನ ಬದುಕನ್ನು ತೀರ್ಮಾನಿಸಬಾರದು. ಹುಡುಗಿ ಅಂದಿನಿಂದ ಚೆಂಡನ್ನು ಮುಟ್ಟಿಲ್ಲ. "ದೇವರಿಗೆ ನಮಸ್ಕಾರ ಮಾಡಿದ್ದು ತಪ್ಪಾ ಅಪ್ಪಚ್ಚಾ?" ಎಂದು ಕೇಳುತ್ತಾಳೆ. ಅಲ್ಲ ಎಂದು ಹೇಳಿದ್ದೇನೆ. ಅದು ನಿಜವೆಂದು ತೋರಿಸಬೇಕಾದವರು ತಾವು.

ಆದ್ದರಿಂದ, ನನ್ನ ಹೆಸರನ್ನು ಹೊಡೆದುಹಾಕಿ, ಲಿಡಿಯಾಳನ್ನು ಹನ್ನೆರಡು ಗಂಟೆ ಬಿಟ್ಟು ಬೇರೆ ಯಾವ ವೇಳೆಗಾದರೂ ಕರೆಯಬೇಕು. ಸಾಧ್ಯವಾದರೆ ಗೋಡೆಯ ಮುಂದಲ್ಲ, ಬಲೆಯ ಮುಂದೆ ನಿಲ್ಲಿಸಿ, ಆಡುವುದನ್ನು ಕಣ್ಣಾರೆ ನೋಡಬೇಕು.

ಇಂತು, ತಮ್ಮ ಸಮಿತಿಯಲ್ಲಿ ವಿಶ್ವಾಸವಿದ್ದೂ ತಮ್ಮ ಗೋಡೆಯಲ್ಲಿ ಇಲ್ಲದ,
ತಮ್ಮ ವಿಶ್ವಾಸಿ
ಪೈಲಿ ಔಸೇಪ್

ಅಡಕಗಳು:
ಅ) ನನ್ನ ಜ್ಞಾನಸ್ನಾನ ಪತ್ರ (ಹದಿನಾರು ದಾಟಿರುವುದಕ್ಕೂ ಬಾಲಕಿಯಲ್ಲದಿರುವುದಕ್ಕೂ ಸಾಕ್ಷಿ)
ಆ) ಗಂಟೆ ಸರಿಯಾಗಿ ಹನ್ನೆರಡಕ್ಕೇ ಬಾರಿಸಲಾಯಿತೆಂದು ಪಾದ್ರಿಗಳ ದೃಢೀಕರಣ
ಇ) ತಂಗಚ್ಚನ್‌ನ ಹೇಳಿಕೆ (ಚೆಲ್ಲಿದ ಚಹಾದ ಪರಿಹಾರ ಕೋರಿದ ಭಾಗವನ್ನು ಪರಿಗಣಿಸಬೇಕಾಗಿಲ್ಲ)

ವಿಶೇಷ ಸೂಚನೆ: ಬರುವ ಶನಿವಾರ ಏಲಿಕುಟ್ಟಿಯ ನಲವತ್ತೊಂದನೆಯ ದಿನ. ಪೂಜೆಯ ನಂತರ ಸಮಾಧಿಯ ಬಳಿ ನಿಲ್ಲಬೇಕು. ಅವಳು ಮೊದಲು ಕೇಳುವುದು ಸೆಲೆಕ್ಷನ್ ಏನಾಯಿತೆಂದೇ. ಸಮಾಧಿಯ ಮುಂದೆ ನಾನು ಸುಳ್ಳು ಹೇಳಲಾರೆ; ನಾನೇ ಆಯ್ಕೆಯಾದೆ ಎಂದು ಹೇಳುವ ಧೈರ್ಯವೂ ಇಲ್ಲ. ಆದಕಾರಣ, ತಮ್ಮ ಉತ್ತರ ಶುಕ್ರವಾರ ಸಂಜೆಯೊಳಗೆ ತಲುಪುವಂತೆ ಮಾಡಬೇಕಾಗಿ ಕೋರಿಕೆ.