ನಾ ಮಂಜೂರ!

ಪಂದ್ಯದಲ್ಲಿ ಸೋತು, ಊರಿಗೆಲ್ಲ ಸಕ್ಕರೆ ಹಂಚಿದವರನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಅವರಿಗೇ ನನ್ನ ಅಕ್ಕನನ್ನು ಕೊಟ್ಟಿದ್ದೇವೆ!

ಕಮಲಾಪುರದ ನಮ್ಮ ಭಾವ ಕಬ್ಬಿಣದ ಗುಂಡು ಎಸೆಯುವುದರಲ್ಲಿ ಗಟ್ಟಿಗರು. ಅದು ನಿಜಾಮರ ಕಾಲ. ವರ್ಷಕ್ಕೊಮ್ಮೆ ಕಲಬುರ್ಗಿಯಲ್ಲಿ ಪಂದ್ಯ, ವರ್ಷವಿಡೀ ಹೊಲದಲ್ಲಿ ತಾಲೀಮು. ಒಮ್ಮೆ ಗುಂಡು ಬೇಲಿ ದಾಟಿ ಪಕ್ಕದವರ ಕೆಂಪು ಬಾಳೆಯ ಗಿಡವನ್ನೇ ಮಲಗಿಸಿತು. ಅವರು ಕೂಗಾಡುತ್ತ ಬಂದರೆ ಭಾವ, "ಗೊನಿ ಇಳಸೋ ತ್ರಾಸ ತಪ್ಪಸೀನಿ, ಅದಕ್ಕೂ ಬೈತೀರಲ್ರಿ!" ಎಂದರು.

ಗುಂಡಿಗೆ ವಿಭೂತಿ ಹಚ್ಚಿ, ಕೈಮುಗಿದು ಎತ್ತುವುದು ಅವರ ಮನೆಯ ಪದ್ಧತಿ. ಹಾಗೆ ಪೂಜಿಸಿದ್ದನ್ನು ನೆಲಕ್ಕೆ ಒಗೆದು ಸುಮ್ಮನೆ ನಿಲ್ಲಲಾದೀತೇ? ಎಸೆದ ಕೂಡಲೇ ಸುಣ್ಣದ ಗೆರೆ ದಾಟಿ ಓಡುವರು, ಗುಂಡನ್ನೆತ್ತಿ ಕಣ್ಣಿಗೊತ್ತಿಕೊಳ್ಳುವರು! ಗೆರೆ ದಾಟಿದರೆ ಎಸೆತ ರದ್ದು. ಮೊದಲ ಪಂದ್ಯದಲ್ಲೇ ಡ್ರಿಲ್ ಮಾಸ್ತರರು ಮೂರೂ ಎಸೆತಕ್ಕೆ ಉರ್ದುವಿನಲ್ಲಿ "ನಾಮಂಜೂರ್!" ಎಂದು ಕೂಗಿದರು. ಒಪ್ಪಿಗೆಯಿಲ್ಲ ಎಂದರ್ಥ. ಕಚೇರಿಯ ಮೆಟ್ಟಿಲು ಹತ್ತದ ಭಾವನಿಗೆ ಕೇಳಿಸಿದ್ದು ಮಾತ್ರ ಕನ್ನಡದ "ನಾ"!

"ಸರ್ಕಾರದವ್ರೇ ಕೂಗ್ಯಾರ ಯವ್ವಾ, ನಾ ಮಂಜೂರ!" ಎಂದು ತಾಯಿಯ ಮುಂದೆ ಕುಣಿದರು. ಬಹುಮಾನ ಎಲ್ಲಿ ಎಂದು ಅಕ್ಕ ಕೇಳಿದರೆ, "ಹೈದರಾಬಾದದಿಂದ ಬರಬೇಕು, ತಡ ಆಗ್ತದ" ಎಂದರು.

ಮರುವರ್ಷವೂ ಇದೇ ಕಥೆ, ಇದೇ ಸಕ್ಕರೆ. ಅಷ್ಟರಲ್ಲಿ ನಾನು ಕಲಬುರ್ಗಿಯ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಜಾಣನಂತೆ ಭಾವನಿಗೆ ಆ ಮಾತಿನ ಅರ್ಥವನ್ನೂ ಗೆರೆಯ ನಿಯಮವನ್ನೂ ಬಿಡಿಸಿ ಹೇಳಿದೆ. ನಗುತ್ತಾರೆಂದುಕೊಂಡರೆ ಕುಸಿದು ಕೂತರು.

"ಅವ್ವಗ ಏನ್ ಹೇಳ್ಲಿ ತಮ್ಮಾ? ಕಣ್ಣು ಮಂಜಾಗ್ಯಾವ, ಆದ್ರೂ ಮಗ ಗೆದ್ದಾನಂತ ಸಂತಿ ತುಂಬ ಹೇಳ್ಕೋತ ತಿರಗ್ಯಾಳ. ಮುಂದಿನ ವರ್ಷ ತಾನೂ ಬರ್ತಾಳಂತ."

ಇನ್ನು ಗೆಲ್ಲಲೇಬೇಕಿತ್ತು, ಅವ್ವ ಸುಳ್ಳುಗಾತಿಯಾಗಬಾರದು. ನನಗೆ ನನ್ನ ಉರ್ದುವಿನ ಮೇಲೇ ಸಿಟ್ಟು ಬಂತು.

ಮುಂದಿನ ವರ್ಷದ ಪಂದ್ಯಕ್ಕೆ ಭಾವನ ಅವ್ವ ಎತ್ತಿನ ಚಕ್ಕಡಿಯಲ್ಲಿ ಬಂದರು. ಭಾವ ಎರಡು ಸಲ ಎಸೆದರು, ಎರಡು ಸಲವೂ ಹಳೆಯ ಚಾಳಿಯಂತೆ ಓಡಿದರು. "ನಾಮಂಜೂರ್!" ಎಂದಾಗಲೆಲ್ಲ ಅವ್ವ ಚಪ್ಪಾಳೆ ತಟ್ಟಿದರು! ಉಳಿದದ್ದು ಒಂದೇ ಎಸೆತ. ಗುಂಡು ಎಲ್ಲರ ಗುರುತನ್ನೂ ದಾಟಿ ಬಿತ್ತು. ಭಾವನ ಕಾಲು ಆಗಲೇ ಮೇಲೆದ್ದಿತ್ತು.

"ಭಾವಾ, ನಿಲ್ರೀ!" ಎಂದು ಚೀರಿದೆ.

ನಿಂತರು. ನಿಂತಲ್ಲಿಂದಲೇ ಗುಂಡಿಗೆ ಕೈಮುಗಿದು, ಗೆರೆ ದಾಟದೆ ಹಿಂದಕ್ಕೆ ಸರಿದರು.

"ಮಂಜೂರ್!"

ಅವ್ವ ಗಾಬರಿಯಾದರು. "ಬರೀ ಮಂಜೂರ ಅಂದ್ರಲ್ಲೋ! ನಿನ್ನ 'ನಾ' ಎಲ್ಲಿ ಹೋಯ್ತು?"

"ಈ ಸಲ ಖರೇನ ಗೆದ್ದೀನಿ ಯವ್ವಾ."

"ಎಷ್ಟ ದೂರ ಬಿತ್ತಪಾ? ನನಗ ಕಾಣಂಗಿಲ್ಲಲ್ಲ."

ಮಾಸ್ತರರು ಟೇಪು ಹಿಡಿದು ಅಳತೆ ಹೇಳತೊಡಗಿದರು. ಭಾವ ಅದನ್ನು ಕೇಳಲಿಲ್ಲ. ಅವ್ವನ ಕೈಹಿಡಿದು ಗೆರೆಯ ಬಳಿ ನಿಲ್ಲಿಸಿ, ಒಂದೊಂದೇ ಹೆಜ್ಜೆ ಇಡಿಸುತ್ತ ನಡೆಸಿದರು. ಅರ್ಧ ದಾರಿಯಲ್ಲಿ ಅವ್ವ ನಿಂತು, "ಇನ್ನೂ ಅದ ಏನೋ?" ಎಂದರು.

"ಇನ್ನೂ ಅದ, ನಡಿ ಯವ್ವಾ," ಎನ್ನುತ್ತ ಭಾವ ಮತ್ತೊಂದು ಹೆಜ್ಜೆ ಇಡಿಸಿದರು.