ಐದು ದೋಣಿಗೆ ಎರಡು ಇಂಜಿನ್ನು

ನಮ್ಮ ಮನೆಗೆ ಯಾವ ಸಾಮಾನೂ ಸುಮ್ಮನೆ ಬಂದು ಸುಮ್ಮನೆ ಕುಳಿತದ್ದಿಲ್ಲ. ಮಿಕ್ಸರ್ ಬಂದ ದಿನ ಮುಚ್ಚಳ ಹಾರಿ ಮಾಡಿನ ಹೆಂಚಿಗೆಲ್ಲ ಚಟ್ನಿ ಮೆತ್ತಿತು. ಫೋನು ಬಂದ ದಿನ ನಮ್ಮ ಮನೆಯವರು ಅದನ್ನು ತಲೆಕೆಳಗೆ ಹಿಡಿದು, ಆಚೆಯವರಿಗೆ ಕಿವುಡು ಎಂದು ಬೈದರು. ಆದರೆ ಕಂಪ್ಯೂಟರ್ ಬಂದದ್ದಿದೆಯಲ್ಲ, ಅದರ ನಗು ಇನ್ನೂ ಮುಗಿದಿಲ್ಲ. ನನಗೆ ಓದು ಬರಹ ಬಾರದು. ನಾನು ಹೇಳಿದ್ದನ್ನು ಮಗಳ ಮಗಳು ಬರೆದುಕೊಂಡಿದ್ದಾಳೆ. ತನ್ನ ತಪ್ಪು ಬಂದಲ್ಲೆಲ್ಲ ಅವಳು ಕೆಮ್ಮಿದಳು, ನಾನು ಬಿಡದೆ ಬರೆಸಿದ್ದೇನೆ.

ನಮ್ಮದು ಧಾರೇಶ್ವರದ ಹತ್ತಿರ, ಹಿತ್ತಲು ದಾಟಿದರೆ ಸಮುದ್ರ. ನಮ್ಮ ಮನೆಯವರು ನಲವತ್ತು ವರ್ಷ ತಾಂಡೇಲರಾಗಿದ್ದವರು. ಅಂದರೆ ದೋಣಿ ಯಾವ ಕಡೆ ಹೋಗಬೇಕು, ಬಲೆ ಎಲ್ಲಿ ಬಿಡಬೇಕು ಎಲ್ಲ ಅವರದೇ ಮಾತು. ಇಂಜಿನ್ ಕೆಟ್ಟರೂ ಅವರೇ ಬಿಚ್ಚಿ ಕೂಡಿಸುವುದು. ಅವರು ತಂದ ಮೀನನ್ನು ಬುಟ್ಟಿಯಲ್ಲಿ ಹೊತ್ತು ಕುಮಟೆ ಪೇಟೆಯಲ್ಲಿ ಮಾರಿದವಳು ನಾನು. ಮೊಣಕಾಲು ಹೋದ ಮೇಲೆ ಅವರು ದೋಣಿ ಮಾರಿದರು. ಆವತ್ತಿನಿಂದ ಮರಳಿಗೆ ಕಾಲಿಡಲಿಲ್ಲ. ಜಗಲಿಯ ಕುರ್ಚಿಯನ್ನೂ ತಿರುಗಿಸಿ ಗೋಡೆಗೆ ಮುಖ ಮಾಡಿ ಕುಳಿತರು. ಹಳೆಯ ಜೊತೆಗಾರರು ಬಂದರೆ ನಿದ್ದೆ ಬಂದವರ ಹಾಗೆ ಕಣ್ಣು ಮುಚ್ಚುವುದು. ಒಂದು ವರ್ಷ ದಾಟಿದರೂ ಅವರ ಬಾಯಲ್ಲಿ ‘ಹೂಂ’ ಮತ್ತು ‘ಬೇಡ’ ಬಿಟ್ಟು ಮೂರನೆಯ ಮಾತಿಲ್ಲ. ಒಂದು ಸಲ ಅವರು ತಮ್ಮ ಕಾಲಿಂದ ಕಡಲ ತಡಿಗೆ ಹೋಗಿ ಬರಲಪ್ಪ ಎಂದು ದಿನಾ ದೇವರಿಗೆ ಕೈ ಮುಗಿಯುತ್ತಿದ್ದೆ.

೧. ಮೂರನೆಯ ಮಾತು

ಮೊಮ್ಮಗಳಿಗೆ ಕುಮಟೆಯ ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿಸುವ ಕೆಲಸ ಸಿಕ್ಕಿತು. ನಮ್ಮಲ್ಲೇ ಉಳಿದಳು. ಜೊತೆಗೆ ತನ್ನದೊಂದು ಹಳೆಯ ಕಂಪ್ಯೂಟರನ್ನೂ ತಂದಳು. ಸಂಜೆ ಜಗಲಿಯಲ್ಲಿ ಕುಳಿತು ಆಟ ಆಡುವಳು. ಆಟದಲ್ಲಿ ಒಂದು ಸಮುದ್ರ. ಎಲ್ಲೆಲ್ಲಿಯ ಊರಿನವರೋ ಅವರವರ ಮನೆಯಿಂದಲೇ ಅದೇ ಸಮುದ್ರದಲ್ಲಿ ಮೀನು ಹಿಡಿಯುವುದಂತೆ. ಒಂದು ಖಾತೆಗೆ ಒಂದು ದೋಣಿ.

ಒಂದು ಸಂಜೆ ಗೋಡೆಯ ಕಡೆಯಿಂದ ದನಿ ಬಂತು. “ಬಲೆ ಬಿಟ್ಟದ್ದು ತಪ್ಪು.”

ನಾನು ಸೌಟು ಹಿಡಿದುಕೊಂಡೇ ಹೊರಗೆ ಬಂದೆ. ಕುರ್ಚಿ ಅರ್ಧ ತಿರುಗಿತ್ತು. ಬಂಗಡೆಯ ಹಿಂಡನ್ನು ಒಂದು ದೋಣಿಯಲ್ಲಿ ಅಟ್ಟಿಸಿಕೊಂಡು ಹೋದರೆ ಅದು ಇನ್ನೊಂದು ಬದಿಯಿಂದ ಜಾರುತ್ತದೆ, ಸುತ್ತುಗಟ್ಟೂಕೆ ಐದಾದರೂ ದೋಣಿ ಬೇಕು ಎಂದರು ಇವರು. ಒಬ್ಬರು ಐದು ಖಾತೆವರೆಗೆ ಇಟ್ಟುಕೊಳ್ಳಬಹುದು ಎಂದು ಆಟದ ಕಟ್ಟಳೆಯಲ್ಲೇ ಇದೆಯಂತೆ. ಮೊಮ್ಮಗಳು ಎರಡು ತೆರೆದಳು, ಮೂರನೆಯದು ತೆರೆದಳು. ಕಂಪ್ಯೂಟರ್ ಅಲ್ಲೇ ನಿಂತಿತು. ಮೆಮೊರಿ ಸಾಲುವುದಿಲ್ಲ ಎಂದಳು. ನನಗೆ ತಿಳಿಯಿತು, ಒಂದೇ ಒಲೆಯ ಮೇಲೆ ಐದು ಪಾತ್ರೆ ಇಡಲು ಹೊರಟ ಹಾಗೆ.

“ನಾಳೆ ಕುಮಟೆಗೆ ಹೋಗಿ ಬೇರೆ ನೋಡುವ. ನನ್ನ ಬಿಳಿ ಅಂಗಿ ತೆಗೆದಿಡು” ಎಂದರು.

ನನ್ನ ಕಣ್ಣು ತುಂಬಿತು. ಇವರು ಹೊರಗೆ ಹೊರಟರು ಅನ್ನುವ ಸಂತೋಷಕ್ಕೆ ಅರ್ಧ. ಇನ್ನರ್ಧ, ಆ ಬಿಳಿ ಅಂಗಿಯಲ್ಲಿ ನಾನು ಆರು ತಿಂಗಳಿಂದ ಪಾತ್ರೆ ಒರೆಸುತ್ತಿದ್ದೆ.

೨. ಹಗ್ಗ

ಕುಮಟೆಯ ಅಂಗಡಿಯವರು ಒಳ್ಳೆಯವರು. “ಎಂತಕ್ಕೆ ಬೇಕು ಅಜ್ಜ? ಲೆಕ್ಕಪತ್ರಕ್ಕಾ, ಟೈಪಿಂಗಿಗಾ?” ಎಂದು ಕೇಳಿದರು.

“ಮೀನು ಹಿಡೂಕೆ.”

ಅವರು ನನ್ನ ಮುಖ ನೋಡಿದರು. ಇವರಿಗೆ ಸ್ವಲ್ಪ ಹಾಗೆ ಎಂದು ನಾನು ಸನ್ನೆ ಮಾಡುತ್ತೇನೆ ಅಂದುಕೊಂಡರೋ ಏನೋ. “ಐದು ದೋಣಿ ಇದೆ” ಎಂದೆ ನಾನು. ಆಗ ಅವರು ನಮ್ಮಿಬ್ಬರನ್ನೂ ಬಿಟ್ಟು ಮೊಮ್ಮಗಳ ಮುಖ ನೋಡಿದರು.

ಅವಳು ಎಲ್ಲ ಬಿಡಿಸಿ ಹೇಳಿದ ಮೇಲೆ ಒಂದು ದೊಡ್ಡ ಕಂಪ್ಯೂಟರ್ ತೋರಿಸಿದರು. ಇವರು ಎಷ್ಟು ಹಾರ್ಸ್‌ಪವರ್ ಎಂದು ಕೇಳಿದರು. ಬಿಸಿಯಾದರೆ ತಂಪು ಮಾಡುವುದು ಯಾವುದು ಎಂದು ಕೇಳಿದರು. ಒಳಗೆ ಫ್ಯಾನಿದೆ, ನೀರು ಮಾತ್ರ ತಾಗಿಸಬಾರದು ಎಂದರು ಅಂಗಡಿಯವರು. ನೀರಿಗೆ ಹೆದರುವ ಇಂಜಿನ್ನನ್ನು ಇವರು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಪಾಪ ಅನ್ನುವ ಹಾಗೆ ಅದರ ಬೆನ್ನು ಸವರಿದರು.

ಕೊನೆಗೆ ಇವರ ತೀರ್ಮಾನ, ದೊಡ್ಡದೊಂದು ಬೇಡ, ಸಣ್ಣವು ಎರಡು ಇರಲಿ. ಒಂದರಲ್ಲಿ ಮೂರು ದೋಣಿ, ಇನ್ನೊಂದರಲ್ಲಿ ಎರಡು. “ನಡು ಸಮುದ್ರದಲ್ಲಿ ಒಂದು ನಿಂತರೆ ಇನ್ನೊಂದು ದಡಕ್ಕೆ ತರಬೇಕು. ದೊಡ್ಡದೊಂದನ್ನೇ ನಂಬಿ ಹೋದವರನ್ನು ನಾನು ಹಗ್ಗ ಕಟ್ಟಿ ಎಳಕಂಡು ಬಂದಿದ್ದೇನೆ.”

ಈಗಿನ ಇಂಜಿನ್ ಹಾಗೆಲ್ಲ ನಡುವೆ ನಿಲ್ಲುವುದಿಲ್ಲ ಅಜ್ಜ ಎಂದು ಅಂಗಡಿಯವರು ಹೇಳುತ್ತಿದ್ದ ಹಾಗೆಯೇ ಕರೆಂಟು ಹೋಯಿತು. ಇಡೀ ಅಂಗಡಿ ಕಪ್ಪು.

ಕತ್ತಲೆಯಲ್ಲಿ ಇವರ ದನಿ ಮೆತ್ತಗೆ ಕೇಳಿಸಿತು. “ಹಗ್ಗ ಉಂಟಾ?”

೩. ಕಿವಿಗೆ ಸ್ಕ್ರೂಡ್ರೈವರ್

ಮೊಮ್ಮಗಳ ಹಳೆಯದಕ್ಕೆ ಮೆಮೊರಿ ಹಾಕಿದರೆ ಮೂರು ದೋಣಿ ಎಳೆಯುತ್ತದೆ, ಉಳಿದ ಎರಡಕ್ಕೆ ಇನ್ನೊಂದು ಹಳೆಯದು ಸಾಕು ಎಂದಾಯಿತು. ಹೊನ್ನಾವರದಲ್ಲಿ ಒಬ್ಬರು ಕಚೇರಿ ಮುಚ್ಚಿ ಆರು ಕಂಪ್ಯೂಟರ್ ಮಾರಲು ಇಟ್ಟಿದ್ದರು. ಅಲ್ಲಿಗೆ ಹೋದೆವು.

ಇವರು ಆರನ್ನೂ ಚಾಲೂ ಮಾಡಿಸಿದರು. ಕಿಸೆಯಿಂದ ಉದ್ದದ ಸ್ಕ್ರೂಡ್ರೈವರ್ ತೆಗೆದರು. ದೋಣಿಯ ಇಂಜಿನ್ ನೋಡುವ ಕ್ರಮ ಅದು, ತುದಿಯನ್ನು ಇಂಜಿನ್ನಿಗೆ ಒತ್ತಿ ಹಿಡಿಯನ್ನು ಕಿವಿಗೆ ಇಟ್ಟರೆ ಒಳಗಿನ ಸದ್ದೆಲ್ಲ ಕೇಳುತ್ತದೆ. ಹಾಗೆ ಒಂದೊಂದಕ್ಕೂ ಇಟ್ಟು, ಕಣ್ಣು ಮುಚ್ಚಿ ಕೇಳಿದರು. ಮಾರುವವರು ಬಾಯಿಗೆ ಕರ್ಚೀಫು ಒತ್ತಿಕೊಂಡು ನಗು ತಡೆದರು. ಮೊಮ್ಮಗಳು ನಾಚಿಕೆಯಿಂದ ಗೋಡೆಯ ಕ್ಯಾಲೆಂಡರ್ ಓದತೊಡಗಿದಳು.

ಮಾರುವವರು ಹೊಳೆಯುವ ಕಪ್ಪು ಪೆಟ್ಟಿಗೆ ತೋರಿಸಿ, ಇದೇ ಎಲ್ಲಕ್ಕಿಂತ ಹೊಸತು, ಇದನ್ನು ಒಯ್ಯಿರಿ ಎಂದರು.

“ಅದು ಬೇಡ. ಒಳಗೆ ತಿರುಗುವ ಚಕ್ರ ಒಂದು ಕಡೆ ಕೆರೆಯುತ್ತದೆ. ಎಂಟು ದಿನ ಬಂದರೆ ಹೆಚ್ಚು” ಎಂದು ಇವರು ಹೊಳಪು ಹೋದ ಬೂದಿ ಬಣ್ಣದ್ದನ್ನು ಆರಿಸಿದರು.

ಎಂಟು ದಿನವಾದ ಮೇಲೆ ಆ ಮಾರಿದವರಿಂದ ಫೋನು. ಆ ಕಪ್ಪನ್ನು ಒಬ್ಬರು ಮಾಸ್ತರರು ಕೊಂಡುಹೋಗಿದ್ದರು. ಹಾರ್ಡ್ ಡಿಸ್ಕ್ ನಿಂತುಹೋಯಿತಂತೆ, ವಾಪಸು ತಂದು ಎದುರಿಗೆ ಕುಳಿತಿದ್ದಾರಂತೆ. ಜಗಳಕ್ಕೇ ಫೋನು ಮಾಡಿದ್ದಾರೆ ಎಂದು ನಾನು ಹೆದರಿದೆ. ಅಲ್ಲ, ಉಳಿದ ನಾಲ್ಕರಲ್ಲಿ ಒಂದನ್ನು ಒಯ್ಯುತ್ತಾರಂತೆ ಮಾಸ್ತರರು. ಆದರೆ ಅಜ್ಜ ಬಂದು ಕಿವಿ ಇಟ್ಟು ಹೇಳಬೇಕಂತೆ.

೪. ಕೊಸರು

ಮೆಮೊರಿ ಭಟ್ಕಳದಲ್ಲಿ ಒಳ್ಳೆಯದು ಸಿಗುತ್ತದೆ ಎಂದು ಯಾರೋ ಹೇಳಿದರು. ಮೊಣಕಾಲಿಗೆ ಅಷ್ಟು ದೂರದ ಬಸ್ಸು ಆಗದು ಎಂದು ಇವರು ಉಳಿದರು. ನಾನು, ಮೊಮ್ಮಗಳು ಹೋದೆವು.

ಅಂಗಡಿಯವ ಒಂದೇ ನಮೂನೆಯ ಎರಡು ಹಸಿರು ಪಟ್ಟಿ ಎದುರಿಗೆ ಇಟ್ಟ. ಉದ್ದ ಬೆರಳಷ್ಟು. ಒಂದು ಅಗ್ಗ, ಒಂದು ತುಟ್ಟಿ. ನಾನು ಜೀವಮಾನದಲ್ಲಿ ಮುಟ್ಟಿ ನೋಡದೆ ಏನನ್ನೂ ಕೊಂಡವಳಲ್ಲ. ತಾಜಾ ಮೀನು ಆರಿಸುವ ಹಾಗೆ ಎರಡನ್ನೂ ತಿರುಗಿಸಿದೆ, ಬದಿಯನ್ನು ಹೆಬ್ಬೆರಳಲ್ಲಿ ಒತ್ತಿದೆ, ಮೂಗಿಗೆ ಹಿಡಿದೆ.

ಅವನು ಒಳಗಿನವರಿಗೆ ತಮ್ಮ ನವಾಯತಿ ಮಾತಿನಲ್ಲಿ ಏನೋ ಹೇಳಿದ. ನನಗೆ ಕೊಂಕಣಿ ಬರುವುದರಿಂದ ಅರ್ಧ ತಿಳಿಯಿತು. ಬೇಗ ಬನ್ನಿ, ಒಬ್ಬರು ಅಜ್ಜಿ ಮೆಮೊರಿಯನ್ನು ಹಿಚುಕಿ ನೋಡುತ್ತಿದ್ದಾರೆ ಎಂದು. ಇಬ್ಬರು ಓಡಿ ಬಂದರು.

“ಅಮ್ಮಾ, ಇದಕ್ಕೆ ಕಿವಿರು ಇಲ್ಲ” ಎಂದ ಅವನು, ಬಹಳ ಮರ್ಯಾದೆಯಿಂದ.

“ಇಲ್ಲದ್ದಕ್ಕೇ ಕಷ್ಟ ಆಗೂದು” ಎಂದೆ.

ಮೊಮ್ಮಗಳು ತುಟ್ಟಿಯದನ್ನೇ ಆರಿಸಿದಳು. ಕಟ್ಟಿ ಕೊಡುವಾಗ ನಾನು ಕೈ ಚಾಚಿಕೊಂಡೇ ನಿಂತೆ. ಎಂತ ಅಮ್ಮಾ ಎಂದ. ಕೊಸರು ಎಂದೆ. ನೂರು ಬಂಗಡೆ ಕೊಂಡವರಿಗೆ ಎರಡು ಹೆಚ್ಚು ಹಾಕದೆ ನಾನು ಯಾವತ್ತೂ ಕಳಿಸಿದ್ದಿಲ್ಲ. ಮೊಮ್ಮಗಳು ನನ್ನ ಸೆರಗು ಎಳೆದಳು. ಮೂವರೂ ನಗಾಡಿದರು. ಆಮೇಲೆ ಅವನು ಮೇಜಿನ ಖಾನೆ ಕೆದಕಿ, ಯಾರೋ ಬಿಚ್ಚಿಸಿ ಬಿಟ್ಟುಹೋದ ಸಣ್ಣ ಪಟ್ಟಿಯೊಂದನ್ನು ನನ್ನ ಅಂಗೈಗೆ ಹಾಕಿದ.

ಮನೆಗೆ ಬಂದ ಮೇಲೆ ಇವರೂ ಮೊಮ್ಮಗಳೂ ಸೇರಿ ಜೋಡಿಸಿದರು. ನಾಲ್ಕು ದೋಣಿ ಚೆನ್ನಾಗಿ ಹೊರಟವು. ಐದನೆಯದು ಬೂದಿ ಪೆಟ್ಟಿಗೆಯಲ್ಲಿ ಏನು ಮಾಡಿದರೂ ಏಳಲಿಲ್ಲ. ಅದರಲ್ಲಿ ಖಾಲಿ ಜಾಗ ಒಂದಿತ್ತು. ಕೊಸರಿನ ಪಟ್ಟಿ ಅಲ್ಲಿ ಸರಿಯಾಗಿ ಕುಳಿತಿತು, ದೋಣಿ ಎದ್ದಿತು. ಎಷ್ಟೋ ಓದಿದ ಮೊಮ್ಮಗಳು ಈಗ ಕ್ಲಾಸಿನಲ್ಲಿ ಮಕ್ಕಳಿಗೆ ಕೊಸರು ಕೇಳುವುದನ್ನೂ ಕಲಿಸುತ್ತಾಳೆ.

೫. ಮಳೆಗಾಲದ ರಜೆ

ಎರಡು ತಿಂಗಳು ಮನೆಯಲ್ಲಿ ಹಬ್ಬ. ಇವರು ಕುರ್ಚಿಯನ್ನು ಪೂರ್ತಿ ಪರದೆಯ ಕಡೆ ತಿರುಗಿಸಿದ್ದರು. ಕುಳಿತಲ್ಲಿಂದ ಹೇಳುವುದು, ಮೊಮ್ಮಗಳು ಎರಡೂ ಕೈಯಲ್ಲಿ ಎರಡು ಮೌಸ್ ಹಿಡಿದು ಮಾಡುವುದು. ಆಟದಲ್ಲಿ ಇವರ ಗುಂಪು ಮುಂದೆ ಬಂತು. ದೂರದ ಊರಿನವರು ಈ ಕ್ಯಾಪ್ಟನ್ ಯಾರು ಎಂದು ಬರೆದು ಕೇಳುತ್ತಿದ್ದರಂತೆ.

ಮಳೆ ಹಿಡಿಯಿತು. ನಮ್ಮ ತಡಿಯ ದೋಣಿಗಳನ್ನೆಲ್ಲ ಮೇಲಕ್ಕೆ ಎಳೆದಿಟ್ಟರು. ಆ ಸಂಜೆ ಇವರು, “ನಮ್ಮ ಐದನ್ನೂ ಕಟ್ಟು” ಎಂದರು.

ಮೊಮ್ಮಗಳಿಗೆ ಅಳು ಬರುವುದೊಂದು ಬಾಕಿ. ಗುಂಪಿಗೆ ಪಂದ್ಯ ಇರುವ ತಿಂಗಳಂತೆ ಅದು.

“ಮೀನು ಮೊಟ್ಟೆ ಇಡೋ ಹೊತ್ತಿಗೆ ಬಲೆ ಬಿಡೂಕಿಲ್ಲ.”

“ಅಜ್ಜ, ಇದು ನಿಜದ ಮೀನಲ್ಲ.”

“ಹೌದಾ? ಹಾಗಾದ್ರೆ ಇಷ್ಟು ದಿನ ಎಂತಕ್ಕೆ ಹಿಡಿದದ್ದು?”

ಅವಳು ಎರಡೂ ಮೌಸ್ ಎಳೆದುಕೊಂಡಳು. ಐದು ದೋಣಿಯನ್ನೂ ಆಟದ ಬಂದರಿನಲ್ಲಿ ಕಟ್ಟಿದಳು. ಆಷಾಢದಲ್ಲಿ ಬಲೆ ಬಿಡುವುದಿಲ್ಲ ಎಂದು ಗುಂಪಿನವರಿಗೆ ಬರೆದಳು. ಅಲ್ಲಿಂದ ಯಾರೋ, ನಿಮ್ಮ ಕ್ಯಾಪ್ಟನ್ನಿಗೆ ಹುಷಾರಿಲ್ಲವೇ ಎಂದು ಕೇಳಿ ಹೂವಿನ ಚಿತ್ರ ಕಳಿಸಿದರಂತೆ.

೬. ದಡಕ್ಕೆ ಬಿಡು ಮಾರಾಯ

ನನಗೆ ಮಾತ್ರ ನಗು ಬರಲಿಲ್ಲ. ಕುರ್ಚಿ ಮತ್ತೆ ಗೋಡೆಯ ಕಡೆ ತಿರುಗಿತ್ತು. ‘ಹೂಂ’, ‘ಬೇಡ’ ಮರಳಿ ಬಂದವು. ಇಷ್ಟೆಲ್ಲ ಓಡಾಡಿದ್ದು ನೀರಿಗೆ ಹೋಯಿತು ಅಂದುಕೊಂಡೆ.

ಶ್ರಾವಣದ ನೂಲ ಹುಣ್ಣಿಮೆ ಬಂತು. ನಮ್ಮವರು ಕಡಲಿಗೆ ಕಾಯಿ ಕೊಟ್ಟು ದೋಣಿ ಇಳಿಸುವುದು ಆವತ್ತಿನಿಂದಲೇ. ಬೆಳಿಗ್ಗೆ ನಾನು ಏಳುವುದರೊಳಗೆ ಇವರು ಹಿತ್ತಲಲ್ಲಿ ತೆಂಗಿನಕಾಯಿ ಆರಿಸುತ್ತಿದ್ದರು. ಐದು.

ಒಂದು ಕಾಯಿಯನ್ನು ಕಂಪ್ಯೂಟರಿನ ಎದುರಿಗೆ ಒಡೆದರೆ ಆಗದಾ ಎಂದಳು ಮೊಮ್ಮಗಳು. ನಾನು ಅವಳ ಕಾಲು ತುಳಿದೆ.

ಕೋಲು ಊರಿಕೊಂಡು ಇವರು ಮುಂದೆ, ಕಾಯಿಯ ಬುಟ್ಟಿ ಹೊತ್ತು ನಾನು ಹಿಂದೆ. ಮರಳು ಬಂದಲ್ಲಿ ಸ್ವಲ್ಪ ನಿಂತರು. ಚಪ್ಪಲಿ ಬಿಟ್ಟರು. ಆಮೇಲೆ ಸೀದಾ ನೀರಿನವರೆಗೆ ನಡೆದರು. ನಾನು ಬುಟ್ಟಿಯನ್ನು ಮುಖದ ಮುಂದೆ ಹಿಡಿದುಕೊಂಡೆ, ಅಳುವುದು ಕಾಣಬಾರದಲ್ಲ.

ತಡಿಯಲ್ಲಿ ಇದ್ದವರೆಲ್ಲ ಬೆರಗಾದರು. ಇವರ ಜೊತೆಗೇ ನಲವತ್ತು ವರ್ಷ ಸಮುದ್ರಕ್ಕೆ ಹೋದ ಹೊಳನಗದ್ದೆ ಊರಿನ ಇನ್ನೊಬ್ಬ ಮುದುಕರು ಈಗ ಮಗನ ದೋಣಿಗೆ ಕಾಯಿ ಕೊಡಲು ಬಂದಿದ್ದರು. “ದೋಣಿ ಮಾರಿದವನಿಗೆ ಐದು ಕಾಯಿ ಎಂತಕ್ಕೋ?” ಎಂದರು.

“ಐದು ದೋಣಿಗೆ.”

“ಎಲ್ಲುಂಟು?”

“ಮನೇಲಿ.”

ಐದೂ ಕಾಯಿ ಕಡಲಿಗೆ ಕೊಟ್ಟಾದ ಮೇಲೆ, ನೋಡಿಯೇ ಹೋಗುವೆ ಎಂದು ಅವರು ನಮ್ಮ ಜೊತೆಗೇ ಬಂದರು. ಜಗಲಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಪರದೆಯ ಎದುರಿಗೇ ಕೂರಿಸಿದೆವು. ಐದು ದೋಣಿಯೂ ಬಂದರಿನಿಂದ ಬಿಟ್ಟವು. ಆಚೆ ಹೋದದ್ದೇ ದೊಡ್ಡ ಅಲೆ, ಪರದೆ ಏಳುತ್ತದೆ, ಬೀಳುತ್ತದೆ, ವಾಲುತ್ತದೆ. ಆ ಮುದುಕರು ಮೊದಲು ಎರಡೂ ಕಾಲನ್ನು ಕುರ್ಚಿಯ ಮೇಲೆ ಎತ್ತಿಕೊಂಡರು. ಆಮೇಲೆ ಕುರ್ಚಿಯ ಎರಡೂ ಕೈ ಗಟ್ಟಿಯಾಗಿ ಹಿಡಿದರು. ಮುಖ ಬೆಳ್ಳಗಾಯಿತು. ತುಫಾನಿನಲ್ಲಿ ನಿಂತು ಅನ್ನ ಉಂಡ ಮನುಷ್ಯನಿಗೆ ನಮ್ಮ ಜಗಲಿಯ ಮೇಲೆ ತಲೆ ತಿರುಗಿ ಹೊಟ್ಟೆ ತೊಳಸಿತು.

“ದಡಕ್ಕೆ ಬಿಡು ಮಾರಾಯ” ಎಂದರು, ಕಣ್ಣು ಮುಚ್ಚಿಕೊಂಡು.

ಎದ್ದು ಒಳಗೆ ಬನ್ನಿ, ಲಿಂಬು ಶರಬತ್ತು ಕೊಡುತ್ತೇನೆ ಎಂದೆ. ಕೈ ಬಿಡಲೇ ಇಲ್ಲ. ನಮ್ಮ ಮನೆಯವರಾದರೂ ನಗಬೇಕೋ ಬೇಡವೋ. ಮುಖ ಗಂಭೀರ ಮಾಡಿ ಮೊಮ್ಮಗಳಿಗೆ ದೋಣಿ ತಿರುಗಿಸು ಎಂದರು. ಅವಳು ಅಷ್ಟು ದೂರದಿಂದ ನಿಧಾನಕ್ಕೆ ತಂದು, ಆಟದ ಬಂದರಿಗೆ ತಾಗಿಸಿ, ಹಗ್ಗ ಕಟ್ಟಿದಳು. ಹಗ್ಗ ಕಟ್ಟಿಯಾಯಿತು ಎಂದು ಇವರು ಹೇಳಿದ ಮೇಲೆಯೇ ಆ ಮುದುಕರು ಒಂದು ಕಾಲು ನೆಲಕ್ಕೆ ಇಟ್ಟು ನೋಡಿ, ಗಟ್ಟಿ ಇದೆ ಎಂದು ಖಾತ್ರಿ ಮಾಡಿಕೊಂಡು, ಕುರ್ಚಿಯಿಂದ ಇಳಿದರು.

ಆಗ ನಮ್ಮ ಮನೆಯವರು ನಕ್ಕರು. ಒಂದು ವರ್ಷಕ್ಕೂ ಹೆಚ್ಚು ಕೂಡಿಟ್ಟ ನಗು, ಕೆಮ್ಮು ಬರುವವರೆಗೆ ನಕ್ಕರು.

ಈಗ ಆ ಮುದುಕರು ವಾರಕ್ಕೆ ನಾಲ್ಕು ಸಲ ಬರುತ್ತಾರೆ. ಒಂದು ದೋಣಿ ಅವರದೇ ಆಗಿದೆ. ಪ್ರತಿ ಸಲವೂ ಹೊಟ್ಟೆ ತೊಳಸುತ್ತದೆ. ಅದಕ್ಕೆ ಔಷಧಿಯನ್ನು ನಮ್ಮ ಮನೆಯವರೇ ಕಂಡುಹಿಡಿದಿದ್ದಾರೆ. ಆಟ ಮುಗಿದದ್ದೇ ಅವರ ಕೈ ಹಿಡಿದು ನಡೆಸಿಕೊಂಡು ಹೋಗಿ, ತಲೆ ನೆಟ್ಟಗಾಗುವವರೆಗೆ ನಿಜದ ಸಮುದ್ರದ ಎದುರಿಗೆ ಕೂರಿಸುವುದು.