ಬಚ್ಚಲುಮನೆಯ ಬಿಳಿ ಹೂವು

ಇನ್ನು ಮುಂದೆ ನನ್ನ ದೇಹಕ್ಕೆ ತುಕ್ಕು ಹಿಡಿಯಲು ಬಿಡುವುದಿಲ್ಲವೆಂದು ಒಂದು ಭಾನುವಾರ ಬೆಳಿಗ್ಗೆ ನಾನು ಘೋರ ಪ್ರತಿಜ್ಞೆ ಮಾಡಿದೆ! ಕುಮಟೆಯವರಿಗೆ ತುಕ್ಕಿನ ವಿಷಯ ಯಾರೂ ಹೇಳಿಕೊಡಬೇಕಾಗಿಲ್ಲ. ಸಮುದ್ರದ ಗಾಳಿಗೆ ನನ್ನ ಸ್ಕೂಟರಿನ ಮಡ್‌ಗಾರ್ಡು ಹಪ್ಪಳದ ಹಾಗೆ ಮುರಿದು ಬಿದ್ದದ್ದನ್ನು ಕಣ್ಣಾರೆ ಕಂಡವನು ನಾನು. ಅದೇ ಗಾಳಿಯನ್ನು ಹುಟ್ಟಿದಾಗಿನಿಂದ ಕುಡಿದ ಮನುಷ್ಯನ ಒಳಗಡೆ ಏನಾಗಿರಬೇಡ? ಆವತ್ತಿನ ಪೇಪರಿನ ಪುರವಣಿಯೂ ಅದನ್ನೇ ಹೇಳಿತ್ತು. ದೇಹವೂ ಒಂಥರಾ ತುಕ್ಕು ಹಿಡಿಯುತ್ತದಂತೆ. ಅದನ್ನು ತಡೆಯುವ ವಸ್ತುವಿಗೆ ಆಂಟಿಆಕ್ಸಿಡೆಂಟ್ ಎಂದು ಹೆಸರಂತೆ. ಅಣಬೆ, ಲೋಳೆಸರ ಮತ್ತು ಕೆಲವು ಔಷಧಿ ಗಿಡಗಳಲ್ಲಿರುವ ಪಾಲಿಸ್ಯಾಕರೈಡಿಗೆ ಈ ಗುಣ ಉಂಟೆಂದು ವಿಜ್ಞಾನಿಗಳು ಪ್ರಯೋಗ ನಡೆಸುತ್ತಿದ್ದಾರಂತೆ. ಅವರ ಪ್ರಯೋಗ ಮುಗಿಯುವವರೆಗೆ ಕಾಯುವ ಪೈಕಿ ನಾನಲ್ಲ.

“ವಿನುತಾ, ಪಾಲಿಸ್ಯಾಕರೈಡ್ ಅಂದ್ರೆ ಎಂತ ಗೊತ್ತುಂಟಾ?” ಎಂದು ಹೆಂಡತಿಯನ್ನು ಕೇಳಿದೆ.

“ಪಾಲಿಸಿ ಆದ್ರೆ ಬ್ಯಾಡ. ಇದ್ದದ್ದಕ್ಕೆ ಕಂತು ಕಟ್ಟಿಯೇ ಸಾಕಾಗಿದೆ.”

“ವಿಮೆ ಅಲ್ಲ ಮಾರಾಯ್ತಿ. ಲೋಳೆಯಲ್ಲಿ ಇರೂ ಸತ್ವ ಅದು.”

“ಹೌದಾ? ಹಾಗಾದ್ರೆ ಬಸಳೆ ಹುಳಿ ಮಾಡಿದ ದಿವ್ಸ ಬಟ್ಟಲು ಬದಿಗೆ ಸರ್ಸೂದು ಯಾರು?”

ವಿಜ್ಞಾನದ ಮುನ್ನಡೆಗೆ ಮನೆಯವರಿಂದಲೇ ಅಡ್ಡಿ ಬರುವುದು ಹೊಸತೇನಲ್ಲ. ಸೋಮವಾರ ಬೆಳಿಗ್ಗೆ ಎದ್ದವನೇ ಲೋಳೆಸರದ ರಸ ತೆಗೆದೆ. ಅದನ್ನು ನಾನು ಕುಡಿದೆ ಎನ್ನುವುದಕ್ಕಿಂತ, ಅದೇ ನನ್ನನ್ನು ಕೇಳದೆ ಗಂಟಲಲ್ಲಿ ಇಳಿದುಹೋಯಿತು ಎನ್ನಬೇಕು. ಮುಂದಿನ ದಾರಿಯನ್ನೂ ಅದು ಅಷ್ಟೇ ಅವಸರದಲ್ಲಿ ಮುಗಿಸಿದ್ದರಿಂದ ಆವತ್ತು ಆಫೀಸಿಗೆ ರಜೆ ಹಾಕಿದೆ.

ಮರುದಿನ ನಾನು ಗುಮಾಸ್ತನಾಗಿರುವ ಖಜಾನೆ ಆಫೀಸಿನಲ್ಲಿ ಅನಂತಮೂರ್ತಿ ಸಿಕ್ಕ. ಅಣಬೆ ಬೆಳೆಯುವ ತರಬೇತಿಗೆ ಹೋಗಿಬಂದ ಪುಣ್ಯಾತ್ಮ ಅವನು. “ಸಿಂಪಿ ಅಣಬೆ ಸುಲಭ. ಹುಲ್ಲು ಬೇಯ್ಸಿ, ಬೀಜ ಹಾಕಿ, ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ, ಕತ್ತಲೆ ಕೋಣೆಲಿ ತೂಗಿಬಿಡು. ತಂಪಿರ್ಬೇಕು, ಪಸೆ ಇರ್ಬೇಕು” ಎಂದ. ಬೀಜವನ್ನೂ ತಂದುಕೊಟ್ಟ.

ಆದರೆ ನಮ್ಮ ಮನೆಗೆ ಒಂದು ತೊಡಕಿತ್ತು. ಮೊದಲು ನಾವಿದ್ದದ್ದು ಹೊಳೆ ಸಮುದ್ರ ಸೇರುವ ಅಳಿವೆಯ ಹತ್ತಿರ. ಅಲ್ಲಿಯ ಬಾವಿ ಶಿವರಾತ್ರಿ ದಾಟಿತೆಂದರೆ ಉಪ್ಪು. ಚಹಾಕ್ಕೆ ಸಕ್ಕರೆ ಹಾಕಿದಷ್ಟೂ ಅದು ಬೇರೆ ಯಾವುದೋ ಪದಾರ್ಥವಾಗುತ್ತಿತ್ತು. ಮಳೆಗಾಲಕ್ಕೆ ಮೊದಲು ಬಾಚಣಿಗೆ ತುಂಬ ಬರುತ್ತಿದ್ದ ಕೂದಲು ನೋಡಿ ವಿನುತಾ ಕಣ್ಣೀರು ಹಾಕುತ್ತಿದ್ದಳು. ಬಹಳ ಅಲೆದ ಮೇಲೆ ತ್ರ್ಯಂಬಕ ಹೆಗಡೆಯವರ ಮನೆಯ ಹಿಂಭಾಗ ಬಾಡಿಗೆಗೆ ಸಿಕ್ಕಿತು. ಅವರ ಬಾವಿಯದು ವರ್ಷವಿಡೀ ಸಿಹಿನೀರು. ಮೊದಲ ಕೊಡಪಾನ ಸೇದಿ ಬೊಗಸೆಯಲ್ಲಿ ಕುಡಿದವಳೇ ವಿನುತಾ ಹೇಳಿದ್ದಳು: “ಇನ್ನು ಈ ಮನೆ ಬಿಡೂದಾದ್ರೆ ನೀವೊಬ್ರೇ ಹೋಗಿ.”

ಹೆಗಡೆಯವರ ಕರಾರೂ ಅಷ್ಟೇ ಖಡಾಖಂಡಿತವಾಗಿತ್ತು. “ಮೀನು ಬಪ್ಪಲಾಗ. ಮೊಟ್ಟೆ ಬಪ್ಪಲಾಗ. ಅಳಂಬೆ ಬಪ್ಪಲಾಗ. ಬಂದ ದಿನವೇ ಮನೆ ಖಾಲಿ.”

ಬಪ್ಪಲಾಗ ಎಂದರೆ ಬರಕೂಡದು. ಅಣಬೆಗೆ ನಮ್ಮ ಕಡೆ ಅಳಂಬೆ ಎನ್ನುತ್ತಾರೆ. ಮೀನನ್ನು ನಾವು ಹಿರೇಗುತ್ತಿಯ ಅಮ್ಮನ ಮನೆಗೆ ವರ್ಗಾಯಿಸಿ, ಭಾನುವಾರಕ್ಕೊಮ್ಮೆ ಹೋಗಿ ತಿಂದು ಬರುತ್ತಿದ್ದೆವು. ಅಳಂಬೆಗೆ ಮಾತ್ರ ನಾನು ಖಜಾನೆ ನೌಕರನ ಬುದ್ಧಿ ಓಡಿಸಿದೆ.

“ಹೊರಗಿಂದ ಬಂದ್ರೆ ತಾನೆ ಕರಾರು ಮುರಿಯೂದು? ನಾನು ಒಳಗೇ ಬೆಳೆಸ್ತೆ.”

“ಬಾವಿ ಹೋದ್ರೆ ನಾ ನಿಮ್ಮನ್ನ ಬಿಡೂದಿಲ್ಲ” ಎಂದಳು ವಿನುತಾ. ಅದು ಪ್ರೀತಿಯ ಮಾತಾಗಿರಲಿಲ್ಲ.

ಬಚ್ಚಲುಮನೆಯೇ ಪ್ರಯೋಗಶಾಲೆಯಾಯಿತು. ಸ್ನಾನದ ಹಂಡೆಯಲ್ಲಿ ಭತ್ತದ ಹುಲ್ಲು ಬೇಯಿಸಿದೆ. ಚೀಲಗಳನ್ನು ತುಂಬಿ ಬಿದಿರಿಗೆ ತೂಗುಹಾಕಿದೆ. ಕಿಟಕಿಗೆ ಗೋಣಿತಾಟು ಬಡಿದೆ. ಅಂದಿನಿಂದ ಸ್ನಾನವೆಂಬುದು ಕಣ್ಣಾಮುಚ್ಚಾಲೆಯಾಯಿತು. ಒಮ್ಮೆ ತಂಬಿಗೆ ಸಿಗದೆ ಅಂಗೈಯಲ್ಲೇ ಮಿಂದೆ. ಇನ್ನೊಮ್ಮೆ ಬಟ್ಟೆ ಒಗೆಯುವ ಸೋಪಿನಿಂದ ಮೈಯೆಲ್ಲ ತಿಕ್ಕಿಕೊಂಡು ಕೆಂಪಗಾಗಿ ಹೊರಗೆ ಬಂದೆ.

“ತುಕ್ಕೆಲ್ಲ ಹೋಗಿರ್ಬೇಕಲ್ಲ” ಎಂದಳು ವಿನುತಾ.

ಮೂರು ವಾರದ ಮೇಲೆ ಒಂದು ಬೆಳಿಗ್ಗೆ ಮೇಣದಬತ್ತಿ ಹಿಡಿದು ಒಳಗೆ ಹೋದವನು ಬೆರಗಾಗಿ ನಿಂತೆ. ಚೀಲಗಳ ತೂತುತೂತಿನಿಂದ ಬೆಳ್ಳನೆಯ ಗೊಂಚಲುಗಳು ಅರಳಿ ನಿಂತಿದ್ದವು. ಸಾಕ್ಷಾತ್ ಪಾಲಿಸ್ಯಾಕರೈಡು! ಮಧ್ಯಾಹ್ನಕ್ಕೆ ಪಲ್ಯ, ಮರುದಿನಕ್ಕೆ ಸಾರು ಎಂದು ಲೆಕ್ಕ ಹಾಕುತ್ತಿರುವಾಗಲೇ ಹಿಂದಿನಿಂದ ಕೆಮ್ಮು ಕೇಳಿಸಿತು.

“ಬಚ್ಚಲ ಹಂಚು ಸೋರ್ತು ಹೇಳಿ ಮಳೆಗಾಲದಲ್ಲೇ ಹೇಳಿದ್ಯಲ. ನೋಡನ ಹೇಳಿ ಬಂದೆ.”

ಹೆಗಡೆಯವರು ಬಾಗಿಲಲ್ಲೇ ನಿಂತಿದ್ದರು. ಆ ವರ್ಷ ಮಳೆಗಾಲದಲ್ಲಿ ಜ್ವರ ಬಂದು, ವಾರಗಟ್ಟಲೆ ಮಲಗಿ ಎದ್ದ ಜೀವ. ಅಂಗಿಯನ್ನು ಮೊಳೆಗೆ ನೇತುಹಾಕಿದಂತೆ ಕಾಣುತ್ತಿದ್ದರು. ಅನ್ನ ಕಂಡರೆ ಮುಖ ತಿರುಗಿಸುತ್ತಾರೆಂದು ಅವರ ಹೆಂಡತಿ ಶ್ರೀಮತಿಯಕ್ಕ ದಿನವೂ ಬಾವಿಕಟ್ಟೆಯಲ್ಲಿ ವಿನುತಾಳ ಹತ್ತಿರ ಹೇಳಿಕೊಳ್ಳುತ್ತಿದ್ದರು. ಸಾಲದ್ದಕ್ಕೆ ಹೆಗಡೆಯವರ ಕಣ್ಣಿಗೆ ಪೊರೆ ಬಂದಿತ್ತು. ಆ ಪೊರೆಯೇ ನನ್ನ ಪಾಲಿನ ದೇವರು ಎಂದುಕೊಂಡೆ.

“ಎಂತದೋ ಇದು, ಬೆಳ್ಳಗೆ?”

“ಹೂವು, ಹೆಗಡೇರೇ. ಹಿಮಾಲಯದ ಕಡೆಯದ್ದು. ಶ್ವೇತಪುಷ್ಪ ಅಂತ. ಕತ್ತಲೆಯಲ್ಲೇ ಅರಳ್ತದೆ.”

ಅವರು ಹತ್ತಿರ ಬಂದು, ಮೂಗು ತಾಗುವಷ್ಟು ಬಗ್ಗಿ ನೋಡಿದರು.

“ಚೊಲೊ ಇದ್ದು. ದೇವರಿಗೆ ಬಿಳಿ ಹೂವು ಸಿಕ್ಕದೇ ಇಲ್ಲೆ ಈಗ” ಎಂದವರೇ ಅರಳಿದ ಗೊಂಚಲುಗಳನ್ನೆಲ್ಲ ಮುರಿದುಕೊಂಡು ಹೊರಟರು.

ಎಂಥ ಚಾಣಾಕ್ಷತನ ನನ್ನದು ಎಂದು ಬೆನ್ನು ತಟ್ಟಿಕೊಂಡೆ. ಮರುದಿನ ಬೆಳಿಗ್ಗೆ ಹೆಗಡೆಯವರು ಹೂಬುಟ್ಟಿ ಹಿಡಿದು ಬಂದರು. ಅದರ ಮರುದಿನವೂ ಬಂದರು. ನಾನು ನೀರು ಚಿಮುಕಿಸಿ ಸಾಕಿದ್ದನ್ನೆಲ್ಲ ಅವರು ಬುಡಸಮೇತ ಕೊಯ್ದು, “ದೇವರು ಸಂತುಷ್ಟ ಆಗಿದ್ದ” ಎಂದು ಹೇಳಿ ಹೋಗುತ್ತಿದ್ದರು. ಬೇಡ ಎನ್ನುವಂತಿಲ್ಲ. ಹೂವನ್ನು ದೇವರಿಗೆ ಕೊಡುವುದಿಲ್ಲ ಎಂದು ಯಾವ ಬಾಯಲ್ಲಿ ಹೇಳಲಿ? ನನ್ನ ತಟ್ಟೆಗೆ ಒಂದು ಚೂರೂ ಬೀಳಲಿಲ್ಲ. ಬಂದದ್ದೆಂದರೆ ಆ ಬಚ್ಚಲಿನಲ್ಲಿ ಅಣಬೆಯ ಧೂಳು ಕುಡಿದು ಹಿಡಿದ ಕೆಮ್ಮು ಮಾತ್ರ.

ವಿನುತಾ ಊಟ ಬಿಟ್ಟಳು. “ಎಂತ ಪಾಪ ಕಟ್ಕೊಂಡ್ರಿ ನೀವು? ಮಡಿ ಉಟ್ಟು ಆ ಮನುಷ್ಯ ದೇವರ ತಲೆ ಮೇಲೆ ಅಳಂಬೆ ಇಡ್ತಾ ಇದ್ದಾರೆ. ಶ್ರೀಮತಿಯಕ್ಕನ ಮುಖ ನೋಡೂಕೆ ಆಗೂದಿಲ್ಲ ನಂಗೆ.”

“ಹೇಳಿದ್ರೆ ಮನೆ ಹೋಗ್ತದೆ. ಬಾವಿ ಹೋಗ್ತದೆ.”

ಅವಳು ಎದ್ದು ಬಾವಿಕಟ್ಟೆಗೆ ಹೋಗಿ ನೀರು ಸೇದತೊಡಗಿದಳು. ಕೊಡಪಾನ ತುಂಬಿತು. ಬಕೆಟ್ಟು ತುಂಬಿತು. ಅನ್ನದ ಪಾತ್ರೆ, ಸಾರಿನ ಬೋಗುಣಿ, ನಾನು ಚಹಾ ಕುಡಿಯುವ ಲೋಟವನ್ನೂ ಬಿಡದೆ ತುಂಬಿಸಿದಳು. ಅಡಿಗೆಮನೆಯಲ್ಲಿ ಕಾಲಿಡಲು ಜಾಗವಿಲ್ಲದಾದಾಗ ಸೆರಗಿನಲ್ಲಿ ಕೈ ಒರೆಸಿಕೊಂಡು, “ಆತು. ಈಗ ಹೋಗಿ ಹೇಳಿ ಬನ್ನಿ” ಎಂದಳು. ನನ್ನೊಬ್ಬನ ತುಕ್ಕು ಬಿಡಿಸಲು ಹೋಗಿ ಇವಳ ಸಿಹಿನೀರು ಕಳೆದೆನಲ್ಲ ಎನಿಸಿತು.

ಹೆಗಡೆಯವರ ಜಗುಲಿ ಹತ್ತಿದಾಗ ಮಧ್ಯಾಹ್ನ. “ದಿನಕರನಾ? ಒಳಗೇ ಬಾ, ಊಟಕ್ಕೆ ಕೂತಿದ್ದೆ” ಎಂದು ಕರೆದರು.

ದೇವರ ಕೋಣೆಯ ಮುಂದೆ ಹಾದುಹೋಗುವಾಗ ಕಣ್ಣು ಮುಚ್ಚಿಕೊಂಡೆ. ಆದರೂ ಪಾಪಿಯ ಕುತೂಹಲ, ಒಂದು ಕಣ್ಣು ತೆರೆಯಿತು. ದೇವರ ತಲೆಯ ಮೇಲೆ ಕೆಂಪು ದಾಸವಾಳವಿತ್ತು. ಬದಿಯಲ್ಲಿ ತುಳಸಿಯಿತ್ತು. ಬಿಳಿಯದೆಂಬುದು ಒಂದೆಸಳೂ ಇರಲಿಲ್ಲ. ಅಷ್ಟರಲ್ಲಿ ಮೂಗಿಗೆ ಕಾಯಿ ಹುರಿದು, ಮೆಣಸು ಕುಟ್ಟಿ ಹಾಕಿದ ಪದಾರ್ಥದ ಘಮ ಬಡಿಯಿತು.

ಹೆಗಡೆಯವರ ಬಾಳೆಲೆಯ ನಡುವೆ ನನ್ನ ಶ್ವೇತಪುಷ್ಪ ಗಟ್ಟಿ ಗಸಿಯಲ್ಲಿ ಮುಳುಗಿ ಕೂತಿತ್ತು!

“ಹೆಗಡೇರೇ, ಅದು ಹೂವಲ್ಲ...” ಎಂದೆ. ತಪ್ಪೊಪ್ಪಿಗೆಯನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದರಿಂದ ಅದು ತನ್ನಷ್ಟಕ್ಕೇ ಹೊರಟುಬಿಟ್ಟಿತು.

“ಗೊತ್ತಿದ್ದು” ಎಂದರು ಅವರು ತಲೆಯೆತ್ತದೆ. “ಕಣ್ಣಿಗೆ ಪೊರೆ ಬೈಂದು. ಮೂಗಿಗೆ ಎಂತೂ ಆಜಿಲ್ಲೆ.”

“ಮತ್ತೆ ಅವತ್ತೇ ಹೇಳ್ಲಿಲ್ಲ ಯಾಕೆ?”

“ಅಪ್ಪನ ಕಾಲದ ಕರಾರು ಅದು. ಅಳಂಬೆ ಹೇಳಿ ಬಾಯಿಬಿಟ್ಟಿದ್ರೆ ನೀನು ಮನೆ ಬಿಡಬೇಕಾಗ್ತಿತ್ತು, ನಾನು ಊಟ ಬಿಡಬೇಕಾಗ್ತಿತ್ತು. ನೀನಾಗೇ ಹೂವು ಹೇಳಿದೆ. ಇಬ್ರೂ ಬಚಾವಾದ್ವು.”

ಶ್ರೀಮತಿಯಕ್ಕ ಒಳಗಿನಿಂದ ಸೌಟು ಹಿಡಿದು ಬಂದರು. “ಡಾಕ್ಟರು ಅಳಂಬೆ ಕೊಡಿ ಹೇಳಿ ಹೇಳಿದ್ದ. ಪ್ಯಾಟೆಲಿ ಯಾರ ಕೈಲಿ ತರ್ಸೂದು ಹೇಳಿ ನಾವು ಕೂತಿದ್ಯ. ಜ್ವರ ಬಿಟ್ಟ ಮೇಲೆ ಇವರು ಎರಡನೇ ಸಲ ಅನ್ನ ಹಾಕಿಸ್ಕಂಡದ್ದು ನಿನ್ನ ಬಚ್ಚಲ ಹೂವು ಬಂದ ಮೇಲೇಯ” ಎಂದರು. ಹೇಳುತ್ತ ಹೇಳುತ್ತ ಅವರ ಕಣ್ಣು ತುಂಬಿತು. ಗುಣ ಪಾಲಿಸ್ಯಾಕರೈಡಿನದೋ, ಅವರು ಕುಟ್ಟಿ ಹಾಕಿದ ಮೆಣಸಿನದೋ, ವಿಜ್ಞಾನಿಗಳೇ ಹೇಳಬೇಕು. ಹೆಗಡೆಯವರ ಕೆನ್ನೆಯಲ್ಲಂತೂ ರಕ್ತ ಆಡುತ್ತಿತ್ತು. ಅದನ್ನು ನೋಡಿ ನನಗೆ ನಿಜವಾಗಿ ಸಂತೋಷವಾಯಿತು.

“ಹಾಗಾದ್ರೆ ಮನೆ...?”

ಹೆಗಡೆಯವರು ಕೈ ತೊಳೆದು, ಗಂಭೀರವಾಗಿ ಹೊಸ ಕರಾರು ಹೊರಡಿಸಿದರು. “ಮೀನು ಬಪ್ಪಲಾಗ. ಮೊಟ್ಟೆ ಬಪ್ಪಲಾಗ. ಅಳಂಬೆ ತಪ್ಪಲಾಗ. ಎರಡು ಚೀಲ ಜಾಸ್ತಿ ಕಟ್ಟು.”

ಹೊರಡುವಾಗ ಶ್ರೀಮತಿಯಕ್ಕ ಮುಚ್ಚಿದ ಬಟ್ಟಲೊಂದನ್ನು ಕೈಗಿಟ್ಟು, “ತಗ, ದೇವರ ಹೂವಿನ ಪ್ರಸಾದ” ಎಂದು ನಕ್ಕರು.

ನೀರಿನ ಪಾತ್ರೆಗಳ ನಡುವೆ ಒಂಟಿಕಾಲಲ್ಲಿ ದಾರಿ ಮಾಡಿಕೊಂಡು ಹೋಗಿ ವಿನುತಾಳಿಗೆ ಎಲ್ಲ ಹೇಳಿದೆ. ಅವಳು ಅತ್ತಳು, ನಕ್ಕಳು, ಆಮೇಲೆ ಬಟ್ಟಲಿನ ಮುಚ್ಚಳ ತೆಗೆದಳು. ಕೊನೆಗೂ ನನ್ನ ತುಕ್ಕು ಬಿಡುವ ಗಳಿಗೆ ಬಂತೆಂದು ನಾನು ತಟ್ಟೆ ಹಾಕಿಕೊಂಡು ಕೂತೆ. ಅವಳು ಬಟ್ಟಲನ್ನು ಕಣ್ಣಿಗೊತ್ತಿಕೊಂಡು ಒಂದೊಂದೇ ಹೋಳು ಬಾಯಿಗೆ ಹಾಕತೊಡಗಿದಳು.

“ನಂಗೆ?” ಎಂದೆ.

“ದೇವರ ಹೆಸರಲ್ಲಿ ಸುಳ್ಳು ಹೇಳಿದವ್ರಿಗೆ ಪ್ರಸಾದ ಇಲ್ಲ” ಎಂದು ಬಟ್ಟಲಿನ ತಳ ಒರೆಸಿ ನೆಕ್ಕಿದಳು. “ನಿಮಗೆ ಅಲ್ಲಿ ಬಸಳೆ ಹುಳಿ ಉಂಟು. ಬಡಿಸ್ಕೊಳ್ಳಿ. ಅದ್ರಲ್ಲೂ ಲೋಳೆ ಉಂಟಲ್ಲ?”